ನೀರಿನಡಿಯ ತವರು

ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರು ಯಾರಾದರೂ ಇದ್ದಾರೆಯೇ? ಇದ್ದರೆ ನಾನು ಹೇಳುವುದು ನಿಮಗೆ ಹೊಸದಲ್ಲ. ಹಾಲಿನ ಪ್ಯಾಕೆಟ್ಟು ಕತ್ತರಿಸುವಾಗ, ಮೊಮ್ಮಗ ಅರ್ಧ ದೋಸೆ ಬಿಟ್ಟು ಎದ್ದಾಗ, ಕರೆಂಟು ಹೋದಾಗ, ಹೋದ ಕರೆಂಟು ಮತ್ತೆ ಬಂದಾಗಲೂ, "ನಮ್ಮ ಕಾಲದಲ್ಲಿ ಹೀಗಿರಲಿಲ್ಲಪ್ಪ" ಎಂಬ ಪಲ್ಲವಿ ಶುರುವಾಗುತ್ತದೆ. ನಮ್ಮ ಅತ್ತೆಯವರದೂ ಹಾಗೆಯೇ. ಅವರು ಹುಟ್ಟಿದ್ದು 1941ರಲ್ಲಿ. ಎರಡನೇ ಮಹಾಯುದ್ಧ ಮುಗಿದಾಗ ಅವರಿಗೆ ನಾಲ್ಕು ವರ್ಷ. ಹಾಗಾಗಿ ಅವರ "ನಮ್ಮ ಕಾಲ" ಎಂದರೆ ಯುದ್ಧ ಮುಗಿದ ಮೇಲಿನ ಹತ್ತು ಹನ್ನೆರಡು ವರ್ಷ. ಅವರ "ನಮ್ಮೂರು" ಎಂದರೆ ಸಾಗರ ತಾಲ್ಲೂಕಿನಲ್ಲಿ ಶರಾವತಿ ಹೊಳೆಯ ದಂಡೆಯ ಮೇಲಿದ್ದ ಒಂದು ಪುಟ್ಟ ಹಳ್ಳಿ.

ಇದ್ದ ಹಳ್ಳಿ ಎಂದೆನಲ್ಲ, ಈಗ ಅದು ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಮುಳುಗಿದ ಹಳ್ಳಿಗಳಲ್ಲಿ ಅದೂ ಒಂದು. ಮದುವೆಯಾಗಿ ಬಂದ ಹೆಣ್ಣಿಗೆ ತವರು ದೂರವಾಗುವುದುಂಟು, ಅಣ್ಣತಮ್ಮಂದಿರ ಜಗಳದಲ್ಲಿ ಮುರಿದು ಹೋಗುವುದುಂಟು. ಆದರೆ ತವರಿಗೆ ತವರೇ ನೀರಿನಡಿ ಹೋಗಿ, ಅದರ ಮೇಲೆ ಮೀನು ಓಡಾಡುವುದೆಂದರೆ ಹೇಗಿರಬಹುದು, ಯೋಚಿಸಿ. ನಾನು ಈ ಮನೆಗೆ ಬಂದು ಇಪ್ಪತ್ತೈದು ವರ್ಷವಾಯಿತು. ಅಷ್ಟು ವರ್ಷವೂ ಆ ಊರಿನ ಕಥೆ ಕೇಳಿದ್ದೇನೆ, ಊರು ಮಾತ್ರ ಕಂಡಿರಲಿಲ್ಲ.

ಕಳೆದ ವರ್ಷ, ಅಂದರೆ 2025ರ ಜುಲೈ 14ರಂದು, ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಹಿನ್ನೀರಿನ ಮೇಲೆ ಕಟ್ಟಿದ ದೊಡ್ಡ ಸೇತುವೆಯ ಉದ್ಘಾಟನೆಯಾಯಿತು. ಸಿಗಂದೂರಿಗೆ ಹೋಗುವವರು ಹಿಂದೆಲ್ಲ ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾಯುತ್ತಿದ್ದರಲ್ಲ, ಅದೇ ಜಾಗ. ಟಿ.ವಿ.ಯಲ್ಲಿ ಸೇತುವೆ ತೋರಿಸಿದಾಗ ಅತ್ತೆ ಎದ್ದು ಹೋಗಿ ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತರು. "ಇದರ ಕೆಳಗೇ ಕಣೆ ನಮ್ಮೂರು. ಒಂದು ಸಲ ಕರ್ಕೊಂಡು ಹೋಗಿ ಬಿಡ್ರೇ" ಎಂದರು. ನಮ್ಮವರಿಗೆ ಅಂಗಡಿ ಬಿಟ್ಟು ಬರಲಾಗದು. ನಾದಿನಿ ಫೋನಿನಲ್ಲಿ, "ನೀರು ನೋಡೋಕೆ ಅಷ್ಟು ದೂರವಾ? ಅಮ್ಮನ ಮಂಡಿ ನೋವು ಯಾರು ನೋಡ್ತಾರೆ?" ಎಂದಳು. ಮಳೆ ಕಳೆಯಲಿ ಎಂದು ಕಾದು, ಅಕ್ಟೋಬರಿನಲ್ಲಿ ಭೂಮಿ ಹುಣ್ಣಿಮೆಯ ಹೊತ್ತಿಗೆ ನಾವಿಬ್ಬರೇ ಹೊರಟೆವು.

ಬೀರೂರಿನವರಾದ ನಮಗೆ ಮಲೆನಾಡು ದೂರವೇನಲ್ಲ. ಮೈಸೂರಿನಿಂದ ಹೊರಟು ಬೆಂಗಳೂರಿನ ಮೇಲೆ ಬರುವ ತಾಳಗುಪ್ಪ ರೈಲು ನಮ್ಮ ಸ್ಟೇಷನ್ನಿಗೆ ಬೆಳಗಿನ ಜಾವ ಬರುತ್ತದೆ. ಭದ್ರಾವತಿ, ಶಿವಮೊಗ್ಗ ದಾಟುವಷ್ಟರಲ್ಲಿ ಬೆಳಕು ಹರಿಯಲು ಶುರು. ಕುಂಸಿಯಿಂದ ಮುಂದೆ ಕಿಟಕಿಯಾಚೆ ಹಸಿರೇ ಹಸಿರು. ವಯಸ್ಸಾದವರನ್ನು ಕರೆದೊಯ್ಯುವವರು ಕೆಳಗಿನ ಬರ್ತನ್ನೇ ಕೇಳಿ ಪಡೆಯಿರಿ. ಒಂದು ಶಾಲು, ಬಿಸಿನೀರಿನ ಫ್ಲಾಸ್ಕು, ಮಾತ್ರೆಯ ಡಬ್ಬಿ ಕೈಗೆ ಸಿಗುವಂತಿರಲಿ. ನಮ್ಮ ಮಾವನವರು ಇದೇ ದಾರಿಯಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದವರು. ಆಗ ಸಣ್ಣ ಹಳಿ, ಕಲ್ಲಿದ್ದಲಿನ ಎಂಜಿನ್ನು. ಆಮೇಲೆ ಕೆಲವು ವರ್ಷ ಬಸ್ಸನ್ನೇ ಹಳಿಯ ಮೇಲೆ ಇಟ್ಟಂಥ ರೈಲ್‌ಬಸ್ಸು ಓಡಾಡಿತು. ದೊಡ್ಡ ಹಳಿ ತಾಳಗುಪ್ಪದವರೆಗೆ ಬಂದದ್ದು 2011ರಲ್ಲಿ. ಅತ್ತೆ ಪ್ರತಿ ಸೇತುವೆ ಬಂದಾಗಲೂ, "ಇದರ ಸ್ಲೀಪರ್ ನಿಮ್ಮ ಮಾವ ಬದಲಾಯಿಸಿದ್ದು" ಎನ್ನುತ್ತಿದ್ದರು. ಈಗಿನವು ಸಿಮೆಂಟಿನ ಸ್ಲೀಪರುಗಳು. ನಾನು ಏನೂ ಹೇಳಲಿಲ್ಲ.

ಹಿಂದಿನ ರಾತ್ರಿಯೇ ಸೌತೆಕಾಯಿ ಕಡುಬು ಮಾಡಿ ಡಬ್ಬಿಗೆ ತುಂಬಿದ್ದೆವು. ಮಲೆನಾಡಿನ ಭೂಮಿ ಹುಣ್ಣಿಮೆಗೆ ಇದು ಬೇಕೇ ಬೇಕು. ನಮ್ಮ ಬಯಲುಸೀಮೆಯ ಕಡೆ ಸೀಗಿ ಹುಣ್ಣಿಮೆ ಎನ್ನುತ್ತಾರೆ. ಪೈರು ಹೊಡೆ ತುಂಬಿ ನಿಂತಿರುವ ಕಾಲ, ಭೂಮಿತಾಯಿ ಬಸುರಿ ಎಂದು ಭಾವಿಸಿ ಅವಳ ಬಯಕೆ ತೀರಿಸುವ ಹಬ್ಬ. ಅಳತೆ ಹೇಳಿಬಿಡುತ್ತೇನೆ, ಬರೆದುಕೊಳ್ಳಿ. ಎರಡು ಪಾವು ಅಕ್ಕಿ ತರಿಯನ್ನು ಘಮ್ಮೆನ್ನುವಂತೆ ಹುರಿದುಕೊಳ್ಳಿ. ಬಲಿತ ಸೌತೆಕಾಯಿಯ ತಿರುಳು ಬೀಜ ತೆಗೆದು ತುರಿದರೆ ಮೂರು ಪಾವು ತುರಿ ಬೇಕು. ಒಂದು ಪಾವು ಪುಡಿ ಬೆಲ್ಲ, ಅರ್ಧ ಹೋಳು ತೆಂಗಿನಕಾಯಿ ತುರಿ, ಚಿಟಿಕೆ ಉಪ್ಪು, ಎರಡು ಏಲಕ್ಕಿ. ಎಲ್ಲವನ್ನೂ ಕಲಸಿ ಅರ್ಧ ಗಂಟೆ ಬಿಡಿ. ನೀರು ಹಾಕಬೇಡಿ, ಸೌತೆಕಾಯಿ ಬಿಟ್ಟ ನೀರೇ ಸಾಕು. ಬಾಡಿಸಿದ ಬಾಳೆಲೆಯಲ್ಲಿ ಮಡಿಸಿ ಹಬೆಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಅರಿಶಿನದ ಎಲೆ ಸಿಕ್ಕರೆ ಬಾಳೆಲೆಯ ಗೊಡವೆಯೇ ಬೇಡ, ಆ ಪರಿಮಳವೇ ಬೇರೆ. ಬಿಸಿಯಿದ್ದಾಗ ಮೇಲೊಂದು ಚಮಚ ತುಪ್ಪ. ತುಪ್ಪ ಎಂದಾಗ ಅತ್ತೆ ನಗುತ್ತಾರೆ. ಅವರ ಅಮ್ಮ ತುಪ್ಪ ಮಾರುತ್ತಿದ್ದರೇ ಹೊರತು ಮನೆಗೆ ಇಟ್ಟುಕೊಳ್ಳುತ್ತಿರಲಿಲ್ಲವಂತೆ.

ರೈಲಿನಲ್ಲಿ ಅತ್ತೆ ಹೇಳಿದ ಊರನ್ನು ನಿಮಗೂ ಹೇಳಬೇಕು. ಹುಲ್ಲು ಹೊದಿಸಿದ ಮನೆ. ಗೋಡೆಗೆ ಕೆಮ್ಮಣ್ಣು, ಅದರ ಮೇಲೆ ಬಿಳಿಯ ಚಿತ್ತಾರ. ನಮ್ಮತ್ತೆಯವರ ತವರು ದೀವರ ಮನೆತನ. ಆ ಹೆಂಗಸರ ಕೈಯ ಚಿತ್ತಾರವನ್ನು ಈಗ ಪಟ್ಟಣದವರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಆಗ ಅದು ಮದುವೆಗೂ ಹಬ್ಬಕ್ಕೂ ಮನೆಯವರೇ ಬರೆಯುತ್ತಿದ್ದದ್ದು. ಅಕ್ಕಿ ನೆನೆಸಿ ಅರೆದರೆ ಬಿಳಿ, ಅಕ್ಕಿ ಸುಟ್ಟು ಅರೆದರೆ ಕಪ್ಪು, ಕೆಮ್ಮಣ್ಣಿನಿಂದ ಕೆಂಪು, ಗುರಿಗೆ ಕಾಯಿಂದ ಹಳದಿ. ಕುಂಚಕ್ಕೆ ಪುಂಡಿ ನಾರು. ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಸಗಣಿ, ಮಣ್ಣು ಬಳಿದು ಒಣಗಿಸಿ, ಅದರ ಮೇಲೆ ಇದೇ ಚಿತ್ತಾರ ಬರೆದು 'ಭೂಮಣ್ಣಿ ಬುಟ್ಟಿ' ಸಿದ್ಧ ಮಾಡುತ್ತಿದ್ದರು. ರಾತ್ರಿಯೆಲ್ಲ ಹೆಂಗಸರಿಗೆ ನಿದ್ದೆಯಿಲ್ಲ. ಹತ್ತಾರು ಬಗೆಯ ಸೊಪ್ಪು, ಕುಡಿ, ಅಮಟೆಕಾಯಿ ಹಾಕಿದ ಹಚ್ಚಂಬಲಿ, ಕೊಟ್ಟೆ ಕಡುಬು, ಸಿಹಿ ಕಡುಬು ಎಲ್ಲವೂ ನಸುಕಿಗೆ ತಯಾರಾಗಬೇಕು. ಗಂಡಸರು ಬುಟ್ಟಿ ಹೊತ್ತು, ದೊಂದಿ ಹಿಡಿದು ಗದ್ದೆಗೆ ಹೋಗಿ ಪೈರಿಗೆ ಚರಗ ಚೆಲ್ಲುವುದು. ಮಕ್ಕಳು ಚಳಿಯಲ್ಲಿ ನಡುಗುತ್ತ ಹಿಂದಿನಿಂದ ಓಡುವುದು.

ಮಳೆಗಾಲದಲ್ಲಿ ಶಾಲೆಗೆ ಕಂಬಳಿಕೊಪ್ಪೆ ಹಾಕಿಕೊಂಡು ನಡೆದುಕೊಂಡೇ ಹೋಗುವುದು. ಚಪ್ಪಲಿಯ ಮಾತೇ ಇಲ್ಲ. ಮೊದಲ ಮಳೆಗೆ ಹಳ್ಳದಲ್ಲಿ ಹತ್ತುಮೀನು. ಅಟ್ಟದ ಮೇಲೆ ಹಲಸಿನ ಹಪ್ಪಳ, ಮಡಕೆಯಲ್ಲಿ ಉಪ್ಪು ಸೊಳೆ. ಸಂಜೆಗೆ ಚೆನ್ನೆಮಣೆ, ಅದಕ್ಕೆ ಕವಡೆ ಇಲ್ಲದಿದ್ದರೆ ಹುಣಸೆಬೀಜ. ಅದು 'ಕಂಟ್ರೋಲ್' ಕಾಲ. ಯುದ್ಧ ಮುಗಿದರೂ ಅಕ್ಕಿ, ಸಕ್ಕರೆ, ಸೀಮೆಎಣ್ಣೆ, ಬಟ್ಟೆಗಳಿಗೆ ಕಟ್ಟುಪಾಡು ಮುಗಿದಿರಲಿಲ್ಲ. ಚಿಮಣಿ ಬುಡ್ಡಿಗೆ ಹಾಕುವ ಸೀಮೆಎಣ್ಣೆಯನ್ನು ಅಮ್ಮ ಔಷಧಿಯಂತೆ ಅಳೆಯುತ್ತಿದ್ದರಂತೆ. ಸಕ್ಕರೆ ಕಾಣುತ್ತಿದ್ದದ್ದು ಜ್ವರ ಬಂದಾಗ ಮಾತ್ರ. ಮಿಕ್ಕಂತೆ ಜೋನಿ ಬೆಲ್ಲ.

ಇನ್ನೊಂದು ತಮಾಷೆ ಹೇಳಬೇಕು. 1957ರ ಏಪ್ರಿಲ್ 1ರಿಂದ ನಯಾಪೈಸೆ ಬಂತು. ಅದಕ್ಕೂ ಮುಂಚೆ ಹದಿನಾರಾಣೆಗೆ ಒಂದು ರೂಪಾಯಿ. ಹೊಸ ಲೆಕ್ಕದಲ್ಲಿ ಒಂದಾಣೆಗೆ ಆರು ನಯಾಪೈಸೆ, ನಾಲ್ಕಾಣೆಗೆ ಇಪ್ಪತ್ತೈದು. ಅತ್ತೆಯ ಅಮ್ಮ ಓದುಬರಹ ಬಾರದವರು, ಆದರೆ ಲೆಕ್ಕದಲ್ಲಿ ಗಟ್ಟಿ. "ನಾಲ್ಕಾರಲ ಇಪ್ಪತ್ನಾಲ್ಕು. ಒಂದೊಂದೇ ಆಣೆ ಕೊಟ್ಟು ತಗೊಂಡವರ ಆ ಇನ್ನೊಂದು ಪೈಸೆ ಎಲ್ಲಿ ಹೋಯ್ತು?" ಎಂದು ಸಂತೆಯಲ್ಲಿ ಎಲ್ಲರನ್ನೂ ಕೇಳುತ್ತಿದ್ದರಂತೆ. ಯಾರೂ ಸರಿಯಾಗಿ ಉತ್ತರ ಕೊಟ್ಟಂತಿಲ್ಲ.

ಇಷ್ಟು ಹೇಳಿದ ಮೇಲೆ ನಿಮಗೂ ಅನ್ನಿಸುತ್ತಿರಬಹುದು, ಎಷ್ಟು ಸರಳ, ಎಷ್ಟು ಚೆಂದದ ಬಾಲ್ಯ ಎಂದು. ನನಗೂ ಹಾಗೇ ಅನ್ನಿಸಿತ್ತು, ಆನಂದಪುರದಲ್ಲಿ ಇಳಿಯುವ ತನಕ.

ಆನಂದಪುರದ ಸಮೀಪದ ಒಂದು ಹಳ್ಳಿಯಲ್ಲಿ ಅತ್ತೆಯ ಅಣ್ಣ ಇದ್ದಾರೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಅವರು ದೊಡ್ಡಮಾವ. ಎಂಬತ್ತೊಂಬತ್ತು ವರ್ಷ, ಕಿವಿ ಮಂದ, ಬಾಯಿ ಮಾತ್ರ ಚುರುಕು. ನೀರು ಬಂದಾಗ ಅವರ ಅಪ್ಪ ಸಂಸಾರ ಕಟ್ಟಿಕೊಂಡು ಈ ಕಡೆ ಬಂದು, ಕಾಡು ಕಡಿದು ಗದ್ದೆ ಮಾಡಿದರು. ಈ ಅರವತ್ತೊಂದು ವರ್ಷಗಳಲ್ಲಿ ಮೂರು ತಲೆಮಾರು ಉತ್ತ ಆ ಜಮೀನಿನ ಕಾಗದಪತ್ರ ಇನ್ನೂ ಪೂರ್ತಿಯಾಗಿಲ್ಲ. ಮುಳುಗಡೆಯಾಗಿ ಬಂದ ಎಷ್ಟೋ ಕುಟುಂಬಗಳ ಪಾಡು ಇದೇ. ಗೋಡೆಯ ಮೊಳೆಗೆ ನೇತುಹಾಕಿದ ಬಟ್ಟೆ ಚೀಲದ ತುಂಬ ಅರ್ಜಿಗಳ ನಕಲು. ದೇವರ ಫೋಟೋ ಪಕ್ಕದಲ್ಲೇ ಆ ಚೀಲ ಇದ್ದದ್ದು ನೋಡಿ ನನಗೆ ಏನೋ ಅನ್ನಿಸಿತು.

ಬಿಸಿ ಕಡುಬು, ಕಾಯಿಚಟ್ನಿ ತಿನ್ನುತ್ತ ಅತ್ತೆ ಮತ್ತೆ ಅದೇ ರಾಗ ಎತ್ತಿದರು. "ಆಗಿನ ಊಟದ ರುಚಿ ಈಗೆಲ್ಲಿ ಅಣ್ಣಯ್ಯ? ಎಷ್ಟು ನೆಮ್ಮದಿಯಾಗಿದ್ವಿ!"

ದೊಡ್ಡಮಾವ ತಟ್ಟೆ ಕೆಳಗಿಟ್ಟರು. "ಯಾರೇ ನೆಮ್ಮದಿಯಾಗಿದ್ದೋರು? ನೀನು ಚಿಕ್ಕ ಹುಡುಗಿ, ಬಟ್ಟಲಿಗೆ ಬಿದ್ದಿದ್ದು ಉಂಡೆ. ಬಟ್ಟಲಿಗೆ ಬೀಳೋ ಮೊದಲು ಏನಾಗ್ತಿತ್ತು ಅಂತ ನಾನು ನೋಡಿದೀನಿ."

ಅವರು ಹೇಳಿದ್ದನ್ನು ಕೇಳುತ್ತಿದ್ದ ಹಾಗೆ ನನ್ನ ಕೈಯ ಕಡುಬು ಆರಿ ಹೋಯಿತು. ಗದ್ದೆ ಅವರದಲ್ಲ, ಗೇಣಿಗೆ ಮಾಡುತ್ತಿದ್ದದ್ದು. ಸುಗ್ಗಿಯಾದ ಮೇಲೆ ಒಡೆಯರ ಮನೆಗೆ ಭತ್ತ ಅಳೆದು ಕೊಡಬೇಕು. ಅಳೆಯುವುದು ಕೊಳಗದಲ್ಲಿ. "ಕೊಡೋವಾಗ ಒಂದು ಕೊಳಗ, ತಗೊಳ್ಳೋವಾಗ ಒಂದು ಕೊಳಗ. ಎರಡೂ ಕೊಳಗವೇ, ಹೊಟ್ಟೆ ಮಾತ್ರ ಬೇರೆ" ಎಂದರು. ಹೊಸ ಭತ್ತ ಅಂಗಳಕ್ಕೆ ಬಂದ ತಿಂಗಳಿಗೇ ಹಿಂದಿನ ಸಾಲಕ್ಕೆ, ಗೇಣಿಗೆ ಹೋಗಿ, ಆಷಾಢ ಶ್ರಾವಣದಲ್ಲಿ ಕೆಸುವಿನ ಗಡ್ಡೆ, ಕಳಲೆ, ಗಂಜಿಯೇ ಗತಿ. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರು ಇದೇ ಕೊಳಗದ ಅಳತೆಯ ತಕರಾರಿನಿಂದ ಎದ್ದು ಸತ್ಯಾಗ್ರಹ ಹೂಡಿದ್ದನ್ನು ನೀವು ಕೇಳಿರಬಹುದು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದದ್ದು ಆ ಸತ್ಯಾಗ್ರಹದಲ್ಲೇ. ದೊಡ್ಡಮಾವನಿಗೆ ಆಗ ಹದಿನೈದು. ಅವರ ಅಪ್ಪ ಹೋಗಲಿಲ್ಲ, ಹೆದರಿದರು. ಮಗನನ್ನೂ ಕಳಿಸಲಿಲ್ಲ. ಉಳುವವನೇ ಹೊಲದೊಡೆಯ ಎಂಬ ಮಾತು ನಿಜವಾಗಿ ಕೈಗೆ ಸಿಕ್ಕಿದ್ದು 1974ರ ಕಾನೂನಿನ ಮೇಲೆ, ದೇವರಾಜ ಅರಸರ ಕಾಲದಲ್ಲಿ. ಅಷ್ಟೊತ್ತಿಗೆ ಇವರ ಗೇಣಿಯ ಗದ್ದೆ ನೀರಿನಡಿ ಹತ್ತು ವರ್ಷ ಕಳೆದಿತ್ತು. ಪರಿಹಾರ ಕೊಟ್ಟಾಗಲೂ ಗದ್ದೆಯ ದುಡ್ಡು ಗದ್ದೆ ಯಾರ ಹೆಸರಿಗಿತ್ತೋ ಅವರಿಗೆ ಹೋಯಿತು. ಇವರಿಗೆ ಸಿಕ್ಕಿದ್ದು ಹುಲ್ಲುಮನೆಯ ಬೆಲೆ.

"ಸರಳ ಅಂತೆ, ಸರಳ!" ಎಂದು ದೊಡ್ಡಮಾವ ಕೈ ತೊಳೆಯಲು ಎದ್ದರು.

ಅತ್ತೆ ಸುಮ್ಮನಿರುವ ಹೆಂಗಸಲ್ಲ. "ಹೌದಾ? ಹಾಗಾದ್ರೆ ಕೇಳು. ಎಲ್ಲರಿಗೂ ಬಡಿಸಿದ ಮೇಲೆ ಅಮ್ಮ ಏನು ಉಣ್ತಿದ್ಲು ಅಂತ ನೀನು ನೋಡಿದೀಯಾ? ನೀನು ಉಂಡು ಜಗುಲಿಗೆ ಹೋಗ್ತಿದ್ದೆ. ನಾನು ನೋಡಿದೀನಿ. ಮಡಕೆ ತೊಳೆದ ನೀರಿಗೆ ಉಪ್ಪು ಹಾಕಿ ಕುಡೀತಿದ್ಲು. ನನಗೂ ಗೊತ್ತು ಅಣ್ಣಯ್ಯ. ನೀನು ಕಣಜದ ಮಾತಾಡ್ತೀಯ, ನಾನು ಅಂಗಳದ ಮಾತಾಡ್ತಿದೀನಿ."

ಇಪ್ಪತ್ತೈದು ವರ್ಷದಲ್ಲಿ ಅತ್ತೆ ಈ ಮಾತು ನನಗೆ ಹೇಳಿರಲಿಲ್ಲ. ಚಿತ್ತಾರ ಹೇಳಿದ್ದರು, ಹತ್ತುಮೀನು ಹೇಳಿದ್ದರು. ಮಡಕೆ ತೊಳೆದ ನೀರು ಹೇಳಿರಲಿಲ್ಲ. ಸೋದರಿಯರೇ, ನಮ್ಮ ಹಿರಿಯರು ನಮಗೆ ಹೇಳುವ 'ನಮ್ಮ ಕಾಲ' ಆರಿಸಿ, ಕೇರಿ ತೆಗೆದದ್ದು ಇರಬೇಕು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಕಲ್ಲನ್ನು ಅವರು ಎಲ್ಲಿಟ್ಟಿರುತ್ತಾರೋ!

ದೊಡ್ಡಮಾವನ ಮೊಮ್ಮಗನ ಓಮ್ನಿಯಲ್ಲಿ ನಾಲ್ವರೂ ಹೊರಟೆವು. ಸಾಗರದಲ್ಲಿ ಗುಡಿಗಾರರ ಗಂಧದ ಕೆತ್ತನೆ ಅಂಗಡಿಗಳಿವೆ. ಹತ್ತಿರದಲ್ಲೇ ಇಕ್ಕೇರಿಯ ಅಘೋರೇಶ್ವರ ದೇವಾಲಯ, ಕೆಳದಿ ನಾಯಕರ ಕಾಲದ್ದು. ಸಮಯವಿದ್ದವರು ಎರಡನ್ನೂ ನೋಡಿ. ನಾವು ನಿಲ್ಲಲಿಲ್ಲ. ಸಾಗರದಿಂದ ಹೊಳೆಬಾಗಿಲಿನ ಕಡೆ ಸುಮಾರು ಒಂದು ಗಂಟೆಯ ದಾರಿ. ತಿರುವುಗಳು ಬಹಳ, ತಲೆಸುತ್ತು ಇರುವವರು ಒಂದು ನಿಂಬೆಹಣ್ಣು ಇಟ್ಟುಕೊಳ್ಳಿ. ದಾರಿಯುದ್ದಕ್ಕೂ ಅಣ್ಣ ತಂಗಿ ಮಾತಾಡಲಿಲ್ಲ. ನನಗೋ ಗಾಬರಿ, ಈ ವಯಸ್ಸಿನಲ್ಲಿ ಇವರನ್ನು ಸೇರಿಸಿ ಜಗಳ ಹಚ್ಚಿಸಿದೆನೋ ಎಂದು. ಮೊಮ್ಮಗನಂತೂ ಆರಾಮವಾಗಿ ಹಾಡು ಹಾಕಿಕೊಂಡು ಗಾಡಿ ಓಡಿಸುತ್ತಿದ್ದ.

ಮಾತು ಮತ್ತೆ ಶುರುವಾದದ್ದು ನೀರು ಕಂಡಾಗ. ಆ ವರ್ಷ ಮಳೆ ಚೆನ್ನಾಗಿತ್ತು. ಲಿಂಗನಮಕ್ಕಿಯ ಪೂರ್ಣಮಟ್ಟ 1819 ಅಡಿ. ತುಂಬಿದಾಗ ಅದನ್ನು ನೋಡಿದರೆ ಹೊಳೆಯೆನ್ನಲು ಬಾಯಿ ಬಾರದು, ಸಮುದ್ರವೇ. ಗುಡ್ಡಗಳ ತಲೆಗಳು ಮಾತ್ರ ನಡುಗಡ್ಡೆಗಳಾಗಿ ಅಲ್ಲಲ್ಲಿ ಎದ್ದಿವೆ. "ಆ ತಲೆಗಳ ಮೇಲೆ ನಾವು ದನ ಮೇಯಿಸ್ತಿದ್ವಿ" ಎಂದರು ದೊಡ್ಡಮಾವ, ಯಾರಿಗೆಂದಿಲ್ಲದೆ.

ಈ ನೀರಿನಡಿ ಇನ್ನೊಂದು ವಿಚಿತ್ರವಿದೆ. ಊರು ಮನೆ ಮಾತ್ರವಲ್ಲ, ಒಂದು ಇಡೀ ಅಣೆಕಟ್ಟೇ ಮುಳುಗಿದೆ! ಜೋಗದ ವಿದ್ಯುದಾಗಾರಕ್ಕೆ ನೀರು ಒದಗಿಸಲು ಮೈಸೂರು ಸರ್ಕಾರ ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಕಟ್ಟಿಸಿತು. 1939ರಲ್ಲಿ ಶುರುವಾದ ಜೋಗದ ಯೋಜನೆ, ಯುದ್ಧದಿಂದ ಯಂತ್ರಗಳು ತಡವಾಗಿ, 1948ರಲ್ಲಿ ಕರೆಂಟು ಕೊಟ್ಟಿತು. ನೀರು ಹೆಚ್ಚಾದರೆ ತಾನಾಗಿ ಹೊರಹೋಗುವಂಥ ಸೈಫನ್ನುಗಳು ಈ ಅಣೆಕಟ್ಟಿನಲ್ಲಿದ್ದವು. ಅದನ್ನು ರೂಪಿಸಿದವರು ಎಂಜಿನಿಯರ್ ಗಣೇಶ್ ಅಯ್ಯರ್. ಅತ್ತೆಯ ಅಪ್ಪ ಸುಗ್ಗಿಯಿಲ್ಲದ ದಿನಗಳಲ್ಲಿ ಅಲ್ಲಿ ಕಲ್ಲು ಹೊರುವ ಕೂಲಿಗೆ ಹೋಗುತ್ತಿದ್ದರಂತೆ. ಯುದ್ಧದ ಕಾಲದ ಬರಗಾಲದಲ್ಲಿ ಆ ಕೂಲಿಯೇ ಮನೆ ಉಳಿಸಿದ್ದು. ಹದಿನಾರು ವರ್ಷ ಕಳೆದು, ಅದಕ್ಕಿಂತ ದೊಡ್ಡ ಲಿಂಗನಮಕ್ಕಿ ಎದ್ದಾಗ, ಅಪ್ಪ ಕಲ್ಲು ಹೊತ್ತ ಅಣೆಕಟ್ಟೂ ಅಪ್ಪನ ಮನೆಯೂ ಒಟ್ಟಿಗೆ ನೀರಿನಡಿ ಹೋದವು. ಬೇಸಗೆಯಲ್ಲಿ ನೀರು ತೀರ ಇಳಿದ ವರ್ಷ ಆ ಹಳೆಯ ಅಣೆಕಟ್ಟು ಪೂರ್ತಿಯಾಗಿ ಎದ್ದು ಕಾಣುತ್ತದೆ. ಜನ ಜಾತ್ರೆಗೆ ಬಂದಂತೆ ನೋಡಲು ಬರುತ್ತಾರೆ.

ಕರೆಂಟಿನ ವಿಷಯಕ್ಕೆ ಬಂದರೆ, ಈ ಹೊಳೆಯಿಂದ ಹುಟ್ಟಿದ ಬೆಳಕು ಬೆಂಗಳೂರಿನವರೆಗೆ ಹೋಯಿತು. ಅತ್ತೆಯ ಊರು ಮುಳುಗುವ ದಿನದವರೆಗೂ ಚಿಮಣಿ ಬುಡ್ಡಿಯಲ್ಲೇ ಇತ್ತು. ಈಗ ಗೊತ್ತಾಯಿತೇ, ಕರೆಂಟು ಹೋದಾಗಲೂ ಬಂದಾಗಲೂ ನಮ್ಮತ್ತೆ ಯಾಕೆ ಗೊಣಗುತ್ತಾರೆಂದು?

ಸೇತುವೆ 2.44 ಕಿಲೋಮೀಟರು ಉದ್ದ. ನಡುವೆ ಎತ್ತರದ ಕಂಬಗಳಿಂದ ಇಳಿಬಿಟ್ಟ ದಪ್ಪ ತಂತಿಗಳು ಅದನ್ನು ಹಿಡಿದೆತ್ತಿವೆ. ನೋಡಲು ಚೆಂದವೇ. ಆ ದಡದ ತುಮರಿ ಕಡೆಯ ಜನ ಹೆರಿಗೆಗೂ ಹಾವು ಕಡಿದಾಗಲೂ ಲಾಂಚಿಗೆ ಕಾದು ಸಾಕಾಗಿ, ವರ್ಷಗಟ್ಟಲೆ ಕೇಳಿ ಪಡೆದ ಸೇತುವೆ ಇದು. ಯಾರಾದರೂ "ಲಾಂಚೇ ಚೆನ್ನಾಗಿತ್ತು, ಮಜಾ ಇರ್ತಿತ್ತು" ಎಂದರೆ ಅವರನ್ನು ಒಂದು ಮಳೆಗಾಲ ಆ ದಡದಲ್ಲಿ ಇರಿಸಬೇಕು. ನಮ್ಮ ಓಮ್ನಿ ಮೂರೇ ನಿಮಿಷದಲ್ಲಿ ದಾಟಿಬಿಟ್ಟಿತು. ಅತ್ತೆ, "ಅಯ್ಯೋ, ಮುಗೀತಾ? ಊರಿನ ಮೇಲೇ ಹಾದು ಬಂದ್ವಲ್ಲೋ!" ಎಂದು ಕೂಗಿಕೊಂಡರು. ಸೇತುವೆ ಮೇಲೆ ಗಾಡಿ ನಿಲ್ಲಿಸುವಂತಿಲ್ಲ. ಆ ಬದಿಗೆ ಇಳಿದು, ನೀರಿನ ಅಂಚಿಗೆ ಹೋಗಲು ದಾರಿ ಇದ್ದ ಕಡೆ ನಿಲ್ಲಿಸಿದೆವು. ಇಬ್ಬರನ್ನೂ ಒಂದೊಂದು ಕೈಯಲ್ಲಿ ಹಿಡಿದು ಇಳಿಸುವಷ್ಟರಲ್ಲಿ ನನ್ನ ಸೊಂಟವೂ ಅವರ ಮಂಡಿಯೂ ಒಂದೇ ಆಗಿದ್ದವು.

ಅಲ್ಲಿ ಒಂದು ಕಲ್ಲಿನ ಮೇಲೆ ಕೂತು ಅತ್ತೆ ಡಬ್ಬಿ ಕೇಳಿದರು. ಊಟಕ್ಕಿರಬೇಕು ಎಂದುಕೊಂಡೆ. ಎರಡು ಕಡುಬು ಎಲೆ ಸಮೇತ ತೆಗೆದರು. ಒಂದನ್ನು ನೀರಿಗೆ ಬಿಟ್ಟು, "ಇದು ಗದ್ದೆಗೆ. 1963ರ ಹುಣ್ಣಿಮೆಗೆ ಬಾಣಂತನಕ್ಕೆ ಬಂದವಳು ಇಲ್ಲೇ ಇದ್ದೆ. ಅದೇ ಕೊನೆ ಚರಗ" ಎಂದರು. ಎರಡನೆಯದನ್ನು ಕೈಯಲ್ಲಿ ಹಿಡಿದೇ ಕೂತರು.

"ಪುಟ್ಟಿಗಾ?" ಎಂದರು ದೊಡ್ಡಮಾವ.

ನನಗೆ ಆಗಲೇ ಗೊತ್ತಾದದ್ದು. ಇವರಿಬ್ಬರಾದ ಮೇಲೆ ಇನ್ನೊಬ್ಬ ತಂಗಿ ಇದ್ದಳು. ಮಲೆನಾಡಿನಲ್ಲಿ ಆಗ ಮಲೇರಿಯಾ ಹಾವಳಿ ಎಷ್ಟಿತ್ತೆಂದರೆ ಜ್ವರ ಬಾರದ ಮನೆಯಿಲ್ಲ. ಜ್ವರ ಬಂದು ಬಂದು ಹೊಟ್ಟೆಯಲ್ಲಿ ಗಡ್ಡೆಯಂತೆ ಗಟ್ಟಿಯಾಗುತ್ತಿತ್ತು, ಜ್ವರಗಡ್ಡೆ ಎನ್ನುತ್ತಿದ್ದರು. ಆ ಮಗು 1950ರ ಮಳೆಗಾಲದಲ್ಲಿ ಹೋಯಿತು. ಮೂರು ವರ್ಷ. ಹೊಳೆ ತುಂಬಿ ಹರಿಯುತ್ತಿತ್ತು, ಕ್ವಿನೈನ್ ತರಲು ದಾಟುವ ಹಾಗಿರಲಿಲ್ಲ. ಮನೆಯ ಹಿಂದಿನ ಹಲಸಿನ ಮರದ ಬುಡದಲ್ಲಿ ಮಣ್ಣು ಮಾಡಿದರು. 1953ರಲ್ಲಿ ದೇಶದಲ್ಲೆಲ್ಲ ಮಲೇರಿಯಾ ಹತೋಟಿಯ ಕೆಲಸ ಶುರುವಾಗಿ, ಡಿ.ಡಿ.ಟಿ. ಹೊಡೆಯುವವರು ಇವರ ಊರಿಗೂ ಬಂದರು. ಗೋಡೆಯ ಚಿತ್ತಾರದ ಮೇಲೆಲ್ಲ ಬಿಳಿ ಮಾಡಿ ಹೋದರು. ಅಮ್ಮ ಚಿತ್ತಾರ ಹಾಳಾಯಿತೆಂದು ಒಂದು ಮಾತೂ ಆಡಲಿಲ್ಲವಂತೆ. ಅವರಿಗೆ ಕುಡಿಯಲು ಮಜ್ಜಿಗೆ ಕೊಟ್ಟು, "ಮೂರು ವರ್ಷ ಮುಂಚೆ ಬರಬಾರದಿತ್ತಾ ಅಪ್ಪಾ" ಎಂದಷ್ಟೇ ಕೇಳಿದರಂತೆ.

ಅತ್ತೆ ಎರಡನೇ ಕಡುಬನ್ನೂ ನೀರಿಗೆ ಬಿಟ್ಟರು. ದೊಡ್ಡಮಾವ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಎಲೆ ಸ್ವಲ್ಪ ದೂರ ತೇಲಿತು. ಅಷ್ಟರಲ್ಲಿ ಮೀನುಗಳು ಬಂದು ಮುತ್ತಿದವು. "ನೋಡು, ಎಷ್ಟು ದೊಡ್ಡ ಮೀನು!" ಎಂದರು ಅತ್ತೆ, ಮೂಗು ಒರೆಸಿಕೊಳ್ಳುತ್ತ.

ಆಮೇಲೆ ಮನೆ ಎಲ್ಲಿತ್ತು ಎಂಬ ವಿಚಾರ ಬಂತು. ಅತ್ತೆ ಸೇತುವೆಯ ಎಡಕ್ಕೆ, ಎರಡು ನಡುಗಡ್ಡೆಗಳ ಮಧ್ಯೆ ಬೆರಳು ತೋರಿಸಿದರು. ದೊಡ್ಡಮಾವ, "ಅಲ್ಲ ಮಾರಾಯ್ತಿ, ಬಲಕ್ಕೆ. ಆ ಗುಡ್ಡದ ನೆರಳು ಸಂಜೆ ನಮ್ಮ ಕಣದ ಮೇಲೆ ಬೀಳ್ತಿತ್ತು" ಎಂದರು. "ಕಣದ ಮೇಲಲ್ಲ, ಕೊಟ್ಟಿಗೆ ಮೇಲೆ. ನಾನು ದಿನಾ ಸಗಣಿ ತೆಗೀತಿದ್ದೆ, ನನಗೆ ಗೊತ್ತಿಲ್ವಾ?" ಮೊಮ್ಮಗ ಮೊಬೈಲಿನಲ್ಲಿ ನಕ್ಷೆ ತೆಗೆದು ತೋರಿಸಿದ. ಅದರಲ್ಲಿ ಬರೀ ನೀಲಿ. ಇಬ್ಬರೂ ಅದನ್ನು ಒಮ್ಮೆ ನೋಡಿ, ಪಕ್ಕಕ್ಕೆ ಸರಿಸಿ, ವಾದ ಮುಂದುವರಿಸಿದರು. ಬೆಳಗಿನ ಮುನಿಸು ಎಲ್ಲಿ ಹೋಯಿತೋ, ಅರ್ಧ ಗಂಟೆಯಲ್ಲಿ ಆ ನೀರಿನ ಮೇಲೆ ಬಾವಿ, ತುಳಸಿಕಟ್ಟೆ, ನೆಲ್ಲಿಮರ, ಅಮ್ಮ ಭತ್ತ ಕುಟ್ಟುತ್ತಿದ್ದ ಒರಳು ಎಲ್ಲವನ್ನೂ ಇಟ್ಟು, ತೆಗೆದು, ಮತ್ತೆ ಇಟ್ಟರು.

ಬರುವಾಗ ಜೋಗದ ಕಡೆ ಬಂದೆವು. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆ ಇದ್ದವು. 830 ಅಡಿಯ ಜಲಪಾತದ ಬಗ್ಗೆ ನಾನು ಹೊಸದಾಗಿ ಹೇಳುವುದೇನಿದೆ? ಅಲ್ಲಿನ ಮೆಣಸಿನಕಾಯಿ ಬಜ್ಜಿ ಮಾತ್ರ ಬಿಡಬೇಡಿ. ಅತ್ತೆ ಜಲಪಾತಕ್ಕೆ ಬೆನ್ನು ಹಾಕಿ ಕೂತು ಬಜ್ಜಿ ತಿಂದರು.

ನೀವು ಹೋಗುವುದಾದರೆ ಒಂದು ಮಾತು. ನೀರು ತುಂಬಿರುವುದನ್ನು ನೋಡಬೇಕಾದರೆ ಸೆಪ್ಟೆಂಬರಿನಿಂದ ಡಿಸೆಂಬರ್ ಒಳ್ಳೆಯದು. ಮುಳುಗಿದ ಮರಗಳ ಬೊಡ್ಡೆ, ಹಿರೇಭಾಸ್ಕರ ಅಣೆಕಟ್ಟು ನೋಡಬೇಕೆಂದರೆ ಮೇ ಕೊನೆ ಅಥವಾ ಜೂನ್ ಮೊದಲ ವಾರ, ಅದೂ ನೀರು ತೀರ ತಗ್ಗಿದ ವರ್ಷ. ಹೊರಡುವ ಮೊದಲು ಸಾಗರದಲ್ಲಿ ಯಾರನ್ನಾದರೂ ಕೇಳಿಕೊಳ್ಳಿ. ಒಣಗಿದಂತೆ ಕಾಣುವ ಕೆಸರಿನಲ್ಲಿ ಕಾಲು ಹೂತುಹೋಗುತ್ತದೆ, ಸ್ಥಳೀಯರಿಲ್ಲದೆ ಇಳಿಯಬೇಡಿ. ಮಕ್ಕಳನ್ನು ನೀರಿಗೆ ಬಿಡಲೇಬೇಡಿ.

ಆನಂದಪುರದ ಸ್ಟೇಷನ್ನಿನಲ್ಲಿ ರೈಲಿಗೆ ಹತ್ತಿಸುವಾಗ ದೊಡ್ಡಮಾವ ಕಿಟಕಿಯ ಸರಳು ಹಿಡಿದು, "ಬರೋ ಬೇಸಗೆಗೆ ಬಾರೇ. ನೀರು ಇಳಿದಿರ್ತದೆ. ಕಣ ಎಲ್ಲಿತ್ತು, ಕೊಟ್ಟಿಗೆ ಎಲ್ಲಿತ್ತು, ನೋಡೇಬಿಡೋಣ" ಎಂದರು.

"ಕೊಟ್ಟಿಗೆಯೇ" ಎಂದರು ಅತ್ತೆ. ರೈಲು ಹೊರಟಿತು. ಭದ್ರಾವತಿ ಬರುವಷ್ಟರಲ್ಲಿ ಅವರು ನನ್ನನ್ನು ಮೂರು ಸಲ ಕೇಳಿದ್ದರು, ಮೇ ತಿಂಗಳಿಗೆ ಈಗಲೇ ಟಿಕೆಟ್ ಕೊಡುತ್ತಾರಾ ಎಂದು.